ಜೋಮ್ತಿಯೆನ್‌ನಿಂದ ಗೌಳಿವಾಡಕ್ಕೆ

ಕೇಳುಗರಿಗೆ ನಮಸ್ಕಾರ.

ಯಲ್ಲಾಪುರದ ಕಾಡಿನಂಚಿನ, ಎಮ್ಮೆ ಸಾಕುವ ಗೌಳಿಗರು ನೆಲೆಸಿರುವ ಗೌಳಿವಾಡವೊಂದರ ಏಕೋಪಾಧ್ಯಾಯ ಶಾಲೆಯಲ್ಲಿ ನಾನು ಕೆಲವು ವರ್ಷ ಪಾಠ ಹೇಳಿದ್ದೇನೆ. ಒಂದನೆಯ ತರಗತಿಗೆ ಸೇರಿದ ಹುಡುಗಿಯೊಬ್ಬಳು ಹದಿನೈದು ದಿನವಾದರೂ ಬಾಯಿ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಎಮ್ಮೆಯ ಚಿತ್ರವಿದ್ದ ಕಾರ್ಡು ಅವಳ ಕೈಗೆ ಬಂತು. ‘ಅಕ್ಕೋರೇ, ಮ್ಹೈಸ್!’ ಎಂದು ಕೂಗಿಬಿಟ್ಟಳು. ಮನೆಯಲ್ಲಿ ಗೌಳಿಗರ ಮರಾಠಿಯನ್ನಷ್ಟೇ ಕೇಳಿ ಬೆಳೆದ ಮಗು. ಎಮ್ಮೆಯ ಬಗ್ಗೆ ಅವಳಿಗೆ ಗೊತ್ತಿದ್ದುದರಲ್ಲಿ ಕಾಲು ಪಾಲೂ ನನಗೆ ಗೊತ್ತಿರಲಿಲ್ಲ. ಕೊರತೆಯಿದ್ದದ್ದು ಒಂದು ಕನ್ನಡ ಪದಕ್ಕೆ ಮಾತ್ರ.

ಆ ಕಾರ್ಡು ನಮ್ಮ ಶಾಲೆಗೆ ಬಂದ ದಾರಿ ದೊಡ್ಡದು. 1990ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಜೋಮ್ತಿಯೆನ್‌ನಲ್ಲಿ 155 ದೇಶಗಳ ಪ್ರತಿನಿಧಿಗಳು ಕುಳಿತು ‘ಎಲ್ಲರಿಗೂ ಶಿಕ್ಷಣ’ ಎಂಬ ಘೋಷಣೆಗೆ ಒಪ್ಪಿದರು. ಅದರ ಬೆನ್ನಿಗೆ 1994ರಲ್ಲಿ ನಮ್ಮ ದೇಶದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. ಹಳೆಯ ಶಿಕ್ಷಕರ ಬಾಯಲ್ಲಿ ಅದು ಇಂದಿಗೂ ಡಿಪಿಇಪಿ. ಬ್ರಿಟನ್, ನೆದರ್ಲೆಂಡ್ಸ್, ಐರೋಪ್ಯ ಒಕ್ಕೂಟ ಅನುದಾನ ಕೊಟ್ಟವು. ವಿಶ್ವಬ್ಯಾಂಕ್ ಕೊಟ್ಟದ್ದು ಸಾಲ, ತೀರಿಸಬೇಕಾದದ್ದು. ಹೊರಗಿನ ಹಣವೆಂದರೆ ಪುಕ್ಕಟೆ ಎಂದುಕೊಳ್ಳುವವರಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಆದರೆ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಹಣವಲ್ಲ. 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡರು. ಊರಿಗೆ ಮರಳಿ ತಾವೇ ಕನ್ನಡದಲ್ಲಿ ಕಾರ್ಡುಗಳನ್ನು ಬರೆದರು. ಅದೇ ನಲಿ ಕಲಿ. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ನಲಿ ಕಲಿಯಲ್ಲಿ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ಗರಗಸ ಹುಟ್ಟುತ್ತವೆ. ವರ್ಣಮಾಲೆ ಮುಗಿಯುವ ತನಕ ಒಂದು ಪದವನ್ನೂ ಓದದೆ ಕೂರುತ್ತಿದ್ದ ಮಗು ಈಗ ಕೆಲವೇ ದಿನಗಳಲ್ಲಿ ‘ಗರಗಸ’ ಎಂದು ಓದುತ್ತದೆ. ಗೋಡೆಯ ಬುಡಕ್ಕೆ, ಮಕ್ಕಳ ಕೈಗೆಟಕುವಂತೆ ಬಳಿದ ಕಪ್ಪು ಹಲಗೆಯ ಮೇಲೆ ಬರೆದು, ತಿರುಗಿ ನನ್ನ ಮುಖ ನೋಡುತ್ತದೆ. ಆ ನೋಟವನ್ನು ಕಂಡವರಿಗೆ ಜೋಮ್ತಿಯೆನ್ ದೂರದ ಊರಲ್ಲ.

ಹಾಗಿದ್ದೂ ಎಮ್ಮೆ ಮತ್ತು ಮ್ಹೈಸ್ ನಡುವಿನ ಕಂದಕವನ್ನು ಆ ಕಾರ್ಡು ತುಂಬಲಿಲ್ಲ. ಮಗುವಿಗೆ ಅದರ ತಾಯ್ನುಡಿಯಲ್ಲೇ ಕಲಿಸುವುದು ಮೇಲು ಎಂದು ವಿಶ್ವಸಂಸ್ಥೆಯ ಶಿಕ್ಷಣ, ಸಂಸ್ಕೃತಿಗಳ ಅಂಗವಾದ ಯುನೆಸ್ಕೊ 1953ರಲ್ಲೇ ಹೇಳಿತ್ತು. ಬಾಂಗ್ಲಾದೇಶ ಸರ್ಕಾರ ಮುಂದಿಟ್ಟ ಪ್ರಸ್ತಾವದ ಮೇಲೆ, 1952ರಲ್ಲಿ ಢಾಕಾದಲ್ಲಿ ಬಂಗಾಳಿಗಾಗಿ ಪ್ರಾಣ ಕೊಟ್ಟವರ ನೆನಪಿಗೆ, 1999ರಲ್ಲಿ ಫೆಬ್ರವರಿ 21ನ್ನು ತಾಯ್ನುಡಿಯ ದಿನವೆಂದು ಯುನೆಸ್ಕೊ ಸಾರಿತು. ಕಾರವಾರದಲ್ಲಿ ಕೊಂಕಣಿ ಆಡುವ ಮಕ್ಕಳೂ ನಮ್ಮ ಗೌಳಿ ಮಕ್ಕಳೂ ಶಾಲೆಯ ಬಾಗಿಲಲ್ಲಿ ಇಂದಿಗೂ ಮನೆಯ ಮಾತನ್ನು ಕಳಚಿಟ್ಟು ಒಳಗೆ ಬರುತ್ತಾರೆ. ನನಗೆ ಇದು ನೋವಿನ ಸಂಗತಿ. ನಾನು ಮಾಡಲಾದದ್ದು ಇಷ್ಟೇ: ಒಂದು ಫೆಬ್ರವರಿ 21ರಂದು ಹಲಗೆಯ ಮೇಲೆ ‘ಎಮ್ಮೆ’ ಎಂದು ಬರೆದು, ಪಕ್ಕದಲ್ಲಿ ಕನ್ನಡ ಲಿಪಿಯಲ್ಲೇ ‘ಮ್ಹೈಸ್’ ಎಂದು ಬರೆದೆ. ಆ ಹುಡುಗಿ ಎರಡನ್ನೂ ಓದಿದಳು. ಕರೆದೊಯ್ಯಲು ಬಂದಿದ್ದ ಅವಳ ತಾಯಿ ಹೊಸ್ತಿಲಲ್ಲೇ ನಿಂತು ಇನ್ನೊಮ್ಮೆ ಓದಿಸಿಕೊಂಡಳು.

2015ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಸರ್ಕಾರಗಳು ಎಲ್ಲರಿಗೂ ಒಳ್ಳೆಯ ಶಿಕ್ಷಣ ಕೊಡಲು 2030ರ ಗಡುವು ಹಾಕಿಕೊಂಡವು. ದೇಶದ ಒಟ್ಟು ಉತ್ಪನ್ನದ ಶೇಕಡಾ 4ರಿಂದ 6ರಷ್ಟನ್ನು ಶಿಕ್ಷಣಕ್ಕೆ ಇಡಬೇಕೆಂಬ ಮಾತೂ ಅಲ್ಲಿತ್ತು. ಶೇಕಡಾ 6 ಎಂದು ನಮ್ಮ ದೇಶದ ಶಿಕ್ಷಣ ಆಯೋಗವಾದ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು, 2020ರ ಶಿಕ್ಷಣ ನೀತಿಯೂ ಅದನ್ನೇ ಹೇಳುತ್ತದೆ. ಇನ್ನೂ ಮುಟ್ಟಿಲ್ಲ.

ಸರ್ಕಾರಗಳು ಮುಂದೆ ಸಹಿ ಹಾಕುವಾಗ ಶಿಕ್ಷಕರ ಪ್ರಯಾಣಕ್ಕೂ ಒಂದು ಸಾಲು ಬರೆಯಲಿ. ನೇಪಾಳದ ಬೆಟ್ಟದ ಶಾಲೆಯ ಶಿಕ್ಷಕಿಯೊಬ್ಬರು ವಾರವಿಡೀ ನಮ್ಮ ಗೌಳಿವಾಡದ ಶಾಲೆಯಲ್ಲಿ ಮಕ್ಕಳೊಂದಿಗೆ ನೆಲದ ಮೇಲೆ ಕುಳಿತುಕೊಳ್ಳಲಿ. ಅವರ ಶಾಲೆಯಲ್ಲಿ ಮನೆಮಾತಿನ ಮಗು ಹೇಗೆ ಓದುತ್ತದೆ ಎಂದು ನೋಡಿಬರಲು ನಮ್ಮ ಅಕ್ಕೋರೊಬ್ಬರು ಅಲ್ಲಿಗೆ ಹೋಗಲಿ.

ನಮಸ್ಕಾರ.