ತೆಂಗಿನ ಸಿಪ್ಪೆಯ ಮೇಲಿನ ಹಳದಿ ನೊರೆ ಮತ್ತು ಸುಣ್ಣದ ಗುರುತು

ನಮಸ್ಕಾರ. ತಿಪಟೂರು ಕಡೆಯ ವೀಕ್ಷಕರೊಬ್ಬರು ತಮ್ಮ ತೋಟದಲ್ಲಿ ಕೊಳೆಯುತ್ತಿದ್ದ ತೆಂಗಿನ ಸಿಪ್ಪೆಯ ರಾಶಿಯ ಚಿತ್ರ ಕಳುಹಿಸಿ, ಮಳೆ ಬಂದ ರಾತ್ರಿಯೇ ಅದರ ಮೇಲೆ ಹರಡಿಕೊಂಡ ಹಳದಿ ನೊರೆ ಮರಗಳಿಗೆ ತಗಲುವ ರೋಗವೇ ಎಂದು ಕೇಳಿದ್ದಾರೆ.

ಚಿತ್ರದಲ್ಲಿ ಕಾಣುವ ಲಕ್ಷಣಗಳೆಲ್ಲ ಫುಲಿಗೊ ಸೆಪ್ಟಿಕಾ ಎಂಬ ಲೋಳೆ ಬೂಷ್ಟಿನವು. ಹೆಸರಿನಲ್ಲಿ ಬೂಷ್ಟು ಇದ್ದರೂ ಇದು ಶಿಲೀಂಧ್ರವಲ್ಲ. ಅಸಂಖ್ಯ ನ್ಯೂಕ್ಲಿಯಸ್‌ಗಳನ್ನು ಒಂದೇ ಕೋಶದೊಳಗೆ ಇಟ್ಟುಕೊಂಡು, ಬ್ಯಾಕ್ಟೀರಿಯಾಗಳನ್ನು ನುಂಗುತ್ತ ತೆವಳುವ, ಅಮೀಬಾಗಳ ಬಳಗದ ಜೀವಿ. ಇದರ ಕುಟುಂಬ ಫೈಸರೇಸಿಯೆ.

ಈ ಕುಟುಂಬವನ್ನು ಗುರುತಿಸುವ ಬಗೆ ನನಗೆ ಬಹಳ ಪ್ರಿಯವಾದುದು. ತೆವಳುವ ಲೋಳೆಯನ್ನು ನೋಡಿ ಕುಟುಂಬ ಹೇಳುವುದು ಕಷ್ಟ. ಅದು ಒಣಗಿ ಬೀಜಾಣುಗಳನ್ನು ಕಟ್ಟಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಸುಣ್ಣ ಎಲ್ಲಿದೆ? ಎಲೆಯಡಿಕೆ ತಟ್ಟೆಯಲ್ಲಿರುವ ಸುಣ್ಣದ ಡಬ್ಬಿಯ ಅಂಚಿನಲ್ಲಿ ಒಣಗಿ ಗಟ್ಟಿಯಾಗುವ ಬಿಳಿ ಪುಡಿಯನ್ನು ನೀವೆಲ್ಲ ನೋಡಿದ್ದೀರಿ. ಹಸಿ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುತ್ತದೆ. ಫೈಸರೇಸಿಯೆಯ ಬೀಜಾಣು ಚೀಲದಲ್ಲಿ ಕೂಡುವುದೂ ಅದೇ ವಸ್ತುವಾದ್ದರಿಂದ, ದುರ್ಬಲ ಆಮ್ಲದ ಒಂದು ಹನಿ ಬಿದ್ದರೆ ಗುಳ್ಳೆಯೇಳುತ್ತದೆ. ಚೀಲದೊಳಗೆ ಬೀಜಾಣುಗಳ ನಡುವೆ ಎಳೆಗಳ ಬಲೆಯೊಂದಿರುತ್ತದೆ. ಫೈಸರಮ್ ಕುಲದಲ್ಲಿ ಸುಣ್ಣವು ಬಲೆಯ ಗಂಟುಗಳಲ್ಲಿ ಮಾತ್ರ ಕೂಡಿ, ಗಂಟುಗಳ ನಡುವಿನ ಎಳೆಗಳು ಬರಿದಾಗಿ ಪಾರದರ್ಶಕವಾಗಿರುತ್ತವೆ. ಬ್ಯಾಡ್‌ಹಾಮಿಯಾದಲ್ಲಾದರೆ ಬಲೆಯ ಕೊಳವೆಗಳ ತುಂಬ ಸುಣ್ಣವೇ. ನೆರೆಯ ಡಿಡಿಮಿಯೇಸಿಯೆ ಕುಟುಂಬದಲ್ಲಿ ಸುಣ್ಣ ಸಾಮಾನ್ಯವಾಗಿ ಚೀಲದ ಹೊರಗೋಡೆಯಲ್ಲಿ ಕಾಣುತ್ತದೆ, ಒಳಗಿನ ಎಳೆಗಳಲ್ಲಿ ಇರುವುದಿಲ್ಲ. ಒಂದು ಮನೆಯಲ್ಲಿ ಗೋಡೆಗಷ್ಟೇ ಸುಣ್ಣ ಬಳಿದಿದ್ದಾರೆ, ಇನ್ನೊಂದರಲ್ಲಿ ತೊಲೆ ಜಂತೆಗಳೊಳಗೂ ತುಂಬಿದ್ದಾರೆ ಎಂದುಕೊಳ್ಳಿ. ಸೂಕ್ಷ್ಮದರ್ಶಕದಡಿ ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಲಕ್ಷಣಗಳು ಜೀವಿಗಳ ವರ್ಗೀಕರಣದಲ್ಲಿ ಹೆಚ್ಚಿಲ್ಲ.

ಉಳಿದುದನ್ನು ಬೇಗ ಹೇಳುತ್ತೇನೆ. ಎರಡೂ ಕುಟುಂಬಗಳು ಗಾಢ ಬಣ್ಣದ ಬೀಜಾಣುಗಳಿರುವ ಫೈಸರೇಲೀಸ್ ಗಣಕ್ಕೆ ಸೇರಿವೆ. ಫುಲಿಗೊದಲ್ಲಿ ಚೀಲಗಳು ಬಿಡಿಬಿಡಿಯಾಗಿರದೆ ಒಂದೇ ದಿಂಬಿನಂತೆ ಕೂಡಿಕೊಳ್ಳುವುದರಿಂದಲೇ ಅದು ದೊಡ್ಡ ನೊರೆಯಂತೆ ಕಾಣುತ್ತದೆ. 2000ರಲ್ಲಿ ಜಪಾನಿನ ತೊಶಿಯುಕಿ ನಕಗಾಕಿ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಸುತ್ತುದಾರಿಗಳ ಚೌಕಟ್ಟಿನೊಳಗೆ ಆಹಾರವಿದ್ದ ಎರಡು ಸ್ಥಳಗಳನ್ನು ಅತಿ ಹತ್ತಿರದ ದಾರಿಯಿಂದ ಜೋಡಿಸಿದ ಫೈಸರಮ್ ಪಾಲಿಸೆಫಲಮ್ ಸಹ ಇದೇ ಕುಟುಂಬದ್ದು.

ಇನ್ನು ತಿಪಟೂರಿನ ಪ್ರಶ್ನೆಗೆ ಉತ್ತರ. ಇದು ತೆಂಗಿನ ಮರದ ರೋಗವಲ್ಲ, ಆದ್ದರಿಂದ ಔಷಧಿ ಸಿಂಪಡಿಸಬೇಕಾಗಿಲ್ಲ. ಕೆಲವು ದಿನಗಳಲ್ಲಿ ನೊರೆ ಒಣಗಿ, ಒಡೆದರೆ ಕಪ್ಪುಗಂದು ಪುಡಿ ಹಾರುತ್ತದೆ. ಅದರಿಂದ ಕೆಲವರಿಗೆ ಅಲರ್ಜಿಯಾಗುವುದುಂಟು. ಮನೆಯಲ್ಲಿ ಆಸ್ತಮಾ ಇರುವವರು ಆ ರಾಶಿಯನ್ನು ಕೆದಕದಿರಲಿ.