ಬಸ್ಸು ಎಷ್ಟು ಹೊತ್ತಿಗೊಂದು?

ಕೇಳುಗರಿಗೆ ನಮಸ್ಕಾರ.

ಕಾರಿಲ್ಲದೆ ಬದುಕೋಕೆ ಆಗುತ್ತಾ? ಈ ಪ್ರಶ್ನೆ ಕೇಳುವವರು ಬಹುಪಾಲು ಕಾರಿರುವವರೇ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಕಾರಿರುವ ಮನೆಗಳು ನೂರಕ್ಕೆ ಏಳೆಂಟು. ಮಿಕ್ಕವರೆಲ್ಲ ದಿನಾ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ಧರ್ಮಸ್ಥಳಕ್ಕೆ ಹೋಗಿ ಬರುತ್ತಾರೆ. ಕಾರಿಲ್ಲದೆ ಹೇಗೆ ಬದುಕುತ್ತೀರಿ ಅಂತ ಅವರನ್ನು ಕೇಳಿದರೆ ನಕ್ಕುಬಿಡುತ್ತಾರೆ.

ಹಾಗಂತ ಅವರೆಲ್ಲ ಇಷ್ಟಪಟ್ಟು ಬಸ್ಸು ಹತ್ತುತ್ತಿದ್ದಾರೆ ಅಂತಲೂ ಅಲ್ಲ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಮೊದಲು ಒಂದು ಸ್ಕೂಟರ್, ಆಮೇಲೆ ಕಾರು. ಇದನ್ನು ಬರೀ ದೊಡ್ಡಸ್ತಿಕೆ ಅಂತ ಬೈಯುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ನಮ್ಮ ಮನೆಯಲ್ಲಿ ಕಾರಿಲ್ಲ, ಅದೇನೂ ವ್ರತವಲ್ಲ. ಮನೆ ಮೆಟ್ರೊ ಸ್ಟೇಷನ್ನಿಗೆ ಹತ್ತಿರ, ಕಾರು ನಿಲ್ಲಿಸೋಕೆ ಜಾಗವೂ ಇಲ್ಲ, ಅಷ್ಟೇ. ಊರಾಚೆಯ ಬಡಾವಣೆಯಲ್ಲಿ ಇದ್ದಿದ್ದರೆ ಬಹುಶಃ ನಾನೂ ಕೊಂಡಿರುತ್ತಿದ್ದೆ. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಸ್ವಲ್ಪ ಬೇರೆ. ಕಾರು ಕೊಳ್ಳುವ ಶಕ್ತಿ ಇದ್ದವರೂ ಬೇಡ ಬಿಡಿ ಅಂದುಕೊಂಡು ಬಸ್ಸಿನಲ್ಲೇ ಓಡಾಡುವುದು ಯಾವ ಊರಿನಲ್ಲಿ, ಯಾಕೆ?

ಟಿಕೆಟ್ ದರ, ಎ.ಸಿ., ಮೆತ್ತನೆ ಸೀಟು, ಇವೆಲ್ಲ ಆಮೇಲಿನ ಮಾತು. ಮೊದಲ ಮಾತು, ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತೆ ಅನ್ನೋದು. ಐದು ಹತ್ತು ನಿಮಿಷಕ್ಕೊಂದು ಬರುವ ಹಾಗಿದ್ದರೆ ಗಡಿಯಾರ ನೋಡದೆ ಮನೆಯಿಂದ ಹೊರಡುತ್ತೇವೆ. ಅರ್ಧ ಗಂಟೆಗೊಂದು ಅಂದರೆ ಇಡೀ ದಿನವನ್ನು ಬಸ್ಸಿಗೆ ಹೊಂದಿಸಿಕೊಳ್ಳಬೇಕು. ಮಧ್ಯದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು ಅಂದರಂತೂ ಕಾಯುವುದೇ ಪ್ರಯಾಣಕ್ಕಿಂತ ಜಾಸ್ತಿ.

ಮಂಗಳೂರಿನಲ್ಲಿ ಓಡಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿಯವರದು. ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಒಂದರ ಹಿಂದೊಂದು ಹೊರಡುತ್ತವೆ. ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ‘ರೈಟ್ ಪೋಯಿ’ ಅನ್ನುವಷ್ಟರಲ್ಲಿ ಗಾಡಿ ಹೊರಟಾಗಿರುತ್ತೆ. ಕೂರೋಕೆ ಸೀಟು ಸಿಗದೇ ಇರಬಹುದು, ತಿರುವಿನಲ್ಲಿ ಕಂಬಿ ಗಟ್ಟಿಯಾಗಿ ಹಿಡಿಯದಿದ್ದರೆ ಪಕ್ಕದವರ ಮೇಲೆ ಬೀಳಬಹುದು. ಆದರೂ ಅಲ್ಲಿ ವೇಳಾಪಟ್ಟಿ ನೋಡಿಕೊಂಡು ಸ್ಟಾಪಿಗೆ ಬಂದವರನ್ನು ನಾನು ಕಂಡಿಲ್ಲ. ಒಂದೊಂದು ಬಸ್ಸಿಗೂ ಒಂದು ಟೈಮಿಂಗ್ ಇದೆ. ಎರಡು ನಿಮಿಷ ತಡವಾದರೆ ಮುಂದಿನ ಸ್ಟಾಪಿನ ಜನ ಇನ್ನೊಬ್ಬರ ಪಾಲು. ಅದಕ್ಕೇ ಆ ಓಟ, ಅದಕ್ಕೇ ನಡುನಡುವೆ ಬಸ್ಸಿನವರ ಜಗಳ. ಇದೇ ಲೆಕ್ಕ ರಾತ್ರಿ ತಿರುಗುಮುರುಗು. ಕತ್ತಲಾದ ಮೇಲೆ ಜನ ಕಡಿಮೆ, ಜನ ಕಡಿಮೆಯಾದರೆ ಟ್ರಿಪ್ಪೂ ಕಡಿಮೆ. ಆಸ್ಪತ್ರೆಯಲ್ಲೋ ಹೋಟೆಲಿನಲ್ಲೋ ಸೆಕೆಂಡ್ ಶಿಫ್ಟ್ ಮುಗಿಸಿ ಹೊರಬಿದ್ದವರಿಗೆ ಆಟೋನೇ ಗತಿ. ಲಾಭಕ್ಕೆ ಓಡುವ ಬಸ್ಸು ಹಗಲಿನ ಊರನ್ನು ನೋಡಿಕೊಂಡಷ್ಟು ಚೆನ್ನಾಗಿ ರಾತ್ರಿಯ ಊರನ್ನು ನೋಡಿಕೊಳ್ಳುವುದಿಲ್ಲ.

ಇನ್ನು ದೊಡ್ಡ ಊರುಗಳಲ್ಲಿ ಬಸ್ಸು ಯಾಕೆ ಬೇಗ ಬರುವುದಿಲ್ಲ? ಇದಕ್ಕೊಂದು ಸಣ್ಣ ಲೆಕ್ಕ ಇದೆ, ಕೇಳಿ. ಒಂದು ಬಸ್ಸು ಹೋಗಿ ವಾಪಸ್ ಬರೋಕೆ ಒಂದು ಗಂಟೆ ಬೇಕು ಅಂದುಕೊಳ್ಳಿ. ಆರು ಬಸ್ಸು ಬಿಟ್ಟರೆ ಸ್ಟಾಪಿನಲ್ಲಿ ನಿಂತವರಿಗೆ ಹತ್ತು ನಿಮಿಷಕ್ಕೊಂದು ಸಿಗುತ್ತೆ. ರಸ್ತೆಯಲ್ಲಿ ವಾಹನ ಜಾಸ್ತಿಯಾಗಿ ಅದೇ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಈಗ ಅದೇ ಆರು ಬಸ್ಸು, ಅದೇ ಡ್ರೈವರು, ಅದೇ ಸಂಬಳ, ಆದರೆ ಬಸ್ಸು ಹದಿನೈದು ನಿಮಿಷಕ್ಕೊಂದು. ಮೊದಲಿನ ಹಾಗೆ ಹತ್ತು ನಿಮಿಷಕ್ಕೊಂದು ಬೇಕಾದರೆ ಒಂಬತ್ತು ಬಸ್ಸು ಬೇಕು. ಯಾರೂ ಒಂದು ಟ್ರಿಪ್ಪನ್ನೂ ರದ್ದು ಮಾಡಿರುವುದಿಲ್ಲ, ಆದರೂ ಬಸ್ಸು ಕಮ್ಮಿಯಾಗಿರುತ್ತೆ. ಕಾದು ಕಾದು ಬೇಸತ್ತವನು ಸ್ಕೂಟರ್ ಕೊಳ್ಳುತ್ತಾನೆ. ಅವನ ಸ್ಕೂಟರೂ ಅದೇ ರಸ್ತೆಗೆ ಇಳಿಯುತ್ತೆ. ಬಸ್ಸು ಇನ್ನಷ್ಟು ತಡ.

ಬೆಂಗಳೂರು ಈ ಸುಳಿಯಲ್ಲಿ ಸಿಕ್ಕಿಹಾಕಿಕೊಂಡು ಬಹಳ ಕಾಲವಾಯಿತು. ಊರಿನಲ್ಲಿ ವಾಹನಗಳು ಒಂದು ಕೋಟಿ ದಾಟಿವೆ, ಅದರಲ್ಲಿ ದ್ವಿಚಕ್ರ ವಾಹನಗಳದೇ ಸಿಂಹಪಾಲು. ಹಳಬರು ಈಗಲೂ ಬಿ.ಟಿ.ಎಸ್. ಅನ್ನುವ, 1997ರಲ್ಲಿ ಬಿ.ಎಂ.ಟಿ.ಸಿ. ಆದ ಸಂಸ್ಥೆ ಆರೇಳು ಸಾವಿರ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 40 ಲಕ್ಷ ಜನರನ್ನು ಸಾಗಿಸುತ್ತೆ. ಸುಮ್ನೆ ಅಲ್ಲ ಅದು. ಆದರೆ ಆ ಬಸ್ಸುಗಳೂ ಕಾರುಗಳ ಹಿಂದೆಯೇ ನಿಲ್ಲಬೇಕು. 2019ರ ಕೊನೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ, ಬಸ್ಸಿಗೆ ಅಂತಲೇ ಒಂದು ಪಥ ಬಿಟ್ಟು ಗೂಟ ನೆಟ್ಟರು. ಬಸ್ಸು ಬೇಗ ಬೇಗ ಬರತೊಡಗಿತು. ಆಮೇಲೆ ಕೊರೊನಾ ಬಂತು, ಅದರ ಬೆನ್ನಿಗೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ. ಗೂಟಗಳು ಹೋದವು. ಹೋದದ್ದಕ್ಕೆ ದೊಡ್ಡ ಗಲಾಟೆಯೇನೂ ಆಗಲಿಲ್ಲ ಅನ್ನೋದು ನನಗೆ ಈಗಲೂ ಆಶ್ಚರ್ಯ.

ಈ ಪಥದ ಪ್ರಯೋಗವನ್ನು ಪೂರ್ತಿಯಾಗಿ ನೋಡಬೇಕಾದರೆ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಬೇಕು. ನನ್ನ ತಂಗಿ ಮನೆ ಧಾರವಾಡದಲ್ಲಿ, ಹಾಗಾಗಿ ನನಗೆ ಆ ದಾರಿ ಪರಿಚಯ. ಎರಡೂ ಊರಿಗೆ ನಡುವೆ ಸುಮಾರು 20 ಕಿಲೋಮೀಟರ್. ಮನೆ ಒಂದು ಊರಲ್ಲಿ, ಕಚೇರಿಯೋ ಕಾಲೇಜೋ ಇನ್ನೊಂದು ಊರಲ್ಲಿ ಇರುವವರು ಸಾವಿರಾರು ಜನ. 2018ರ ಅಕ್ಟೋಬರಿನಿಂದ ಅಲ್ಲಿ ಚಿಗರಿ ಅನ್ನೋ ಹೆಸರಿನ ಬಸ್ಸುಗಳು ಓಡುತ್ತಿವೆ. ರಸ್ತೆಯ ನಟ್ಟನಡುವೆ ಅವುಗಳದೇ ದಾರಿ, ನಡುವೆಯೇ ಸ್ಟೇಷನ್. ಅದಕ್ಕೇ ಬಸ್ಸಿನ ಬಾಗಿಲು ಬಲಗಡೆಗೆ. ಟಿಕೆಟ್ ಸ್ಟೇಷನ್ನಿನಲ್ಲೇ ತಗೊಂಡು ಗೇಟಿಗೆ ತೋರಿಸಿ ಒಳಗೆ ಹೋಗಬೇಕು. ಪ್ಲಾಟ್‌ಫಾರಂ ಬಸ್ಸಿನ ನೆಲದ ಎತ್ತರಕ್ಕೇ ಇದೆ, ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಚಿಲ್ಲರೆಗೆ ಜಗಳ ಇಲ್ಲ, ಹತ್ತೋರು ಇಳಿಯೋರು ಒಂದೇ ಬಾಗಿಲಲ್ಲಿ ಗುದ್ದಾಡುವುದು ಕಡಿಮೆ. ಇದರಿಂದ ಒಂದು ಸ್ಟಾಪಿನಲ್ಲಿ ಉಳಿತಾಯ ಆಗುವುದು ಅರ್ಧ ನಿಮಿಷ ಇರಬಹುದು. ಇಪ್ಪತ್ತು ಮೂವತ್ತು ಸ್ಟಾಪು ಸೇರಿದಾಗ ಆ ಅರ್ಧರ್ಧ ನಿಮಿಷವೇ ಹತ್ತು ಹದಿನೈದು ನಿಮಿಷ ಆಗುತ್ತೆ.

ಆದರೆ ಊರಿನಲ್ಲಿ ಈ ಯೋಜನೆಯನ್ನು ಬೈಯುವವರಿಗೇನೂ ಬರವಿಲ್ಲ. ಅವರ ಮಾತಿನಲ್ಲಿ ಹುರುಳೂ ಇದೆ. ದೊಡ್ಡ ಮಳೆ ಬಂದರೆ ಟೋಲ್ ನಾಕಾ ಹತ್ತಿರ ನೀರು ನಿಲ್ಲುತ್ತೆ. ಸ್ಟೇಷನ್ ಸೇರಬೇಕಾದರೆ ವಾಹನಗಳ ನಡುವೆ ರಸ್ತೆ ದಾಟಬೇಕು, ವಯಸ್ಸಾದವರಿಗೆ ಅದೇ ದೊಡ್ಡ ಭಯ. ಊರೊಳಗಿನ ಪೇಟೆ ಹೊಕ್ಕರೆ ಚಿಗರಿಯೂ ಎಲ್ಲ ಗಾಡಿಗಳ ಜೊತೆಯೇ ನುಸುಳಬೇಕು. ಅಲ್ಲದೆ ಇದು ಒಂದೇ ಗೆರೆ. ಆ ಗೆರೆಯಿಂದ ಆಚೆ ಇರುವವರು ಸ್ಟೇಷನ್ನಿಗೆ ಬರೋದು ಹೇಗೆ? ವಿಶ್ವವಿದ್ಯಾಲಯದ ಗುಡ್ಡದ ಮೇಲೆ ಕೆಲಸ ಇರುವವರು ಇಳಿದ ಮೇಲೆ ಇನ್ನೊಂದು ಬಸ್ಸಿಗೆ ಕಾಯಬೇಕು, ಇಲ್ಲಾ ಆಟೋ ಹಿಡಿಯಬೇಕು. ಚಿಗರಿ ಬೇಗ ತಂದು ಬಿಟ್ಟರೂ ಉಳಿಸಿದ ಹೊತ್ತು ಅಲ್ಲಿ ಹೋಯಿತು.

ಒಂದು ಆಕ್ಷೇಪಣೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ‘ನಾವಿಲ್ಲಿ ಕಾರಿನಲ್ಲಿ ಒತ್ತಿಕೊಂಡು ನಿಂತಿದ್ದೇವೆ, ನಡುವಿನ ದಾರಿ ಖಾಲಿ ಬಿದ್ದಿದೆ ನೋಡಿ’ ಅನ್ನುತ್ತಾರೆ. ಬಸ್ಸು ಸರಾಗವಾಗಿ ಓಡುವ ದಾರಿ ಖಾಲಿಯೇ ಕಾಣೋದು. ಸಿಕ್ಕಿಹಾಕಿಕೊಂಡು ನಿಂತರೆ ತಾನೇ ತುಂಬಿದ ಹಾಗೆ ಕಾಣುತ್ತೆ? ಎರಡು ನಿಮಿಷಕ್ಕೊಂದು ಬಸ್ಸು, ಒಂದೊಂದರಲ್ಲಿ 60 ಜನ ಅಂತ ಇಟ್ಟುಕೊಂಡರೆ ಗಂಟೆಗೆ 1800 ಜನ ಸಾಗುತ್ತಾರೆ. ಅವರನ್ನೇ ಕಾರಿಗೆ ಇಬ್ಬರಂತೆ ಕೂರಿಸಿ, 900 ಕಾರು ಬೇಕು. ನಡುವೆ ಮೊಳ ಜಾಗ ಬಿಟ್ಟು ಸಾಲಾಗಿ ನಿಲ್ಲಿಸಿದರೆ ನಾಲ್ಕು ಕಿಲೋಮೀಟರಿಗೂ ಉದ್ದ. ಆ ಸಾಲು ಈಗ ಕಣ್ಣಿಗೆ ಬೀಳುತ್ತಿಲ್ಲ, ಹಾಗಾಗಿ ಅದರ ಉಪಕಾರ ಯಾರಿಗೂ ನೆನಪಾಗುವುದಿಲ್ಲ. ಈಗ ಆ ದಾರಿಯಲ್ಲಿ ಟ್ರಾಮ್‌ನಂಥ ವಿದ್ಯುತ್ ಗಾಡಿ ಓಡಿಸುವ ಮಾತು ನಡೆದಿದೆ. ಓಡಿಸಲಿ. ಗಾಡಿ ಹೊಸದಾದ ಮಾತ್ರಕ್ಕೆ ಕಾಯುವ ಹೊತ್ತು ಕಡಿಮೆ ಆಗುವುದಿಲ್ಲ ಅನ್ನೋದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ ಶುರುವಾಯಿತು. 19 ಕಿಲೋಮೀಟರ್ ದಾರಿ, ಹೊಸ ಸ್ಟೇಷನ್‌ಗಳು, ಎಲ್ಲ ಸಿದ್ಧ. ಓಡೋಕೆ ಇದ್ದದ್ದು ಮೂರೇ ರೈಲು, ಅಂದರೆ 25 ನಿಮಿಷಕ್ಕೊಂದು. ರೈಲುಗಳು ಒಂದೊಂದಾಗಿ ಬಂದು ಸೇರಿದ ಹಾಗೆ ಕಾಯುವುದು ಕಡಿಮೆಯಾಯಿತು.

ಬಸ್ಸಿನ ಮಾತಿನಲ್ಲಿ ಶಕ್ತಿ ಯೋಜನೆಯನ್ನು ಬಿಡೋ ಹಾಗಿಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮನೆಗೆಲಸಕ್ಕೆ ಹೋಗುವವರು ಬಸ್ ಚಾರ್ಜ್ ಉಳಿಯುತ್ತೆ ಅಂತ ಸ್ವಲ್ಪ ದೂರದ, ಜಾಸ್ತಿ ಸಂಬಳದ ಮನೆ ಹಿಡಿದದ್ದನ್ನು ನಾನು ನೋಡಿದ್ದೇನೆ. ಒಳ್ಳೆಯ ಯೋಜನೆ ಅಂತಲೇ ನನ್ನ ಅಭಿಪ್ರಾಯ. ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇಲ್ಲ ಅಂತ ಗೊಣಗುವವರು ಸಿಟ್ಟನ್ನು ಹೆಂಗಸರ ಮೇಲೆ ತೀರಿಸಿಕೊಳ್ಳುತ್ತಾರೆ. ಜನ ಹೆಚ್ಚಾದ ಮೇಲೆ ಟ್ರಿಪ್ಪು ಹೆಚ್ಚಾಯಿತಾ ಅಂತ ಕೇಳಬೇಕಾದದ್ದು ಡಿಪೋದಲ್ಲಿ.

ಕಾರಿಗೆ ಆಗುವ ಖರ್ಚನ್ನೂ ಒಮ್ಮೆ ನೋಡೋಣ. ಐದು ಲಕ್ಷ ಸಾಲ, ಐದು ವರ್ಷದ ಅವಧಿ, ನೂರಕ್ಕೆ ಒಂಬತ್ತು ಬಡ್ಡಿ ಅಂದರೆ ತಿಂಗಳ ಕಂತು ಹತ್ತು ಸಾವಿರ ದಾಟುತ್ತೆ. ಪೆಟ್ರೋಲು, ಇನ್ಶೂರೆನ್ಸು, ಸರ್ವೀಸು ಬೇರೆ. ಬಸ್ಸು ಮೆಟ್ರೊ ಚೆನ್ನಾಗಿರುವ ಕಡೆ ಮನೆ ಇದ್ದರೆ ಅದೇ ದುಡ್ಡಿನಲ್ಲಿ ಆಸ್ಪತ್ರೆಗೆ, ಮದುವೆಗೆ, ರಾತ್ರಿ ರೈಲಿಗೆ ಟ್ಯಾಕ್ಸಿ ಮಾಡಿಕೊಂಡು ಹೋದರೂ ಕಂತಿನಲ್ಲಿ ಉಳಿಯುತ್ತೆ. ಮಂಡಿ ನೋವಿರುವ ಅಮ್ಮನನ್ನು ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿಸಬೇಕು ಅಂತ ಯಾರೂ ಹೇಳುತ್ತಿಲ್ಲ. ಬೇಕಾದಾಗ ಬಾಡಿಗೆ ಕಾರು ಮಾಡಿ. ದಿನಾ ಒಬ್ಬರೇ ಕೂತು ಕಚೇರಿಗೆ ಹೋಗುವ ಕಾರಿನ ಬಗ್ಗೆ ನಾನು ಹೇಳುತ್ತಿರುವುದು.

ಇದೆಲ್ಲ ಪಟ್ಟಣದ ಮಾತಾಯಿತು. ಹಳ್ಳಿಯಲ್ಲಿ ಲೆಕ್ಕವೇ ಬೇರೆ. ಉತ್ತರ ಕರ್ನಾಟಕದ ಎಷ್ಟೋ ಊರುಗಳಿಗೆ ರಾತ್ರಿ ಒಂದು ವಸ್ತಿ ಬಸ್ಸು ಬರುತ್ತೆ. ಡ್ರೈವರು ಕಂಡಕ್ಟರು ಅಲ್ಲೇ ಮಲಗಿ ಮುಂಜಾನೆ ಹೊರಡುತ್ತಾರೆ. ಅದು ತಪ್ಪಿದರೆ ಟಂಟಂ, ಅಂದರೆ ಹತ್ತಾರು ಜನ ಒಟ್ಟಿಗೆ ಹೋಗುವ ದೊಡ್ಡ ಆಟೋ. ಅದೂ ಜನ ತುಂಬಿದ ಮೇಲೆಯೇ ಹೊರಡೋದು. ಹತ್ತು ನಿಮಿಷಕ್ಕೊಂದು ಬಸ್ಸು ಅಂತ ಅಲ್ಲಿ ಕೇಳಿದರೆ ತಮಾಷೆ ಆಗುತ್ತೆ. ಅಲ್ಲಿ ಕೇಳಬೇಕಾದದ್ದು ಒಂದು ಟ್ರಿಪ್ಪು ಜಾಸ್ತಿ, ಅದೂ ಸರಿಯಾದ ಹೊತ್ತಿಗೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ತಗೊಂಡರೆ ಪ್ರಾಕ್ಟಿಕಲ್ ಮುಗಿಯೋದು ತಡ, ಸಂಜೆ ಬಸ್ಸು ಸಿಗೋದಿಲ್ಲ ಅಂತ ಇಷ್ಟವಿಲ್ಲದ ವಿಷಯ ತಗೊಂಡ ಹುಡುಗಿಯರನ್ನು ನಾನು ಕಂಡಿದ್ದೇನೆ. ಶಕ್ತಿ ಬಂದ ಮೇಲೆ ಅವರಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಐದೂವರೆಗೆ ಬಸ್ಸು ಇಲ್ಲ, ಅಷ್ಟೇ.

ಇಂಥ ಟ್ರಿಪ್ಪು ದುಡ್ಡು ಹುಟ್ಟಿಸುವುದಿಲ್ಲ, ಅದು ನಿಜ. ಕೊಪ್ಪದ ಸಹಕಾರ ಸಾರಿಗೆಯನ್ನು ನೆನಪಿಸಿಕೊಳ್ಳಿ. ಖಾಸಗಿ ಬಸ್ ಕಂಪನಿ ಮುಚ್ಚಿದಾಗ ಅಲ್ಲಿನ ಕಾರ್ಮಿಕರೇ ಸೇರಿ 1991ರಲ್ಲಿ ಸಂಘ ಕಟ್ಟಿಕೊಂಡು ಬಸ್ಸು ಓಡಿಸಿದರು. ಮಲೆನಾಡಿನ ಸಣ್ಣ ಸಣ್ಣ ಊರುಗಳಿಗೆ ಸುಮಾರು ಮೂರು ದಶಕ ಅವರ ಬಸ್ಸೇ ಆಧಾರ. ದುಡಿಯುವವರೇ ಮಾಲೀಕರಾಗಿದ್ದ ಆ ಸಂಸ್ಥೆಯೂ ಖರ್ಚು ತಾಳಲಾರದೆ 2020ರಲ್ಲಿ ನಿಂತಿತು. ಟಿಕೆಟ್ ದುಡ್ಡಿನಿಂದಲೇ ಹಳ್ಳಿಯ ಬಸ್ಸು ನಡೆಯಬೇಕು ಅಂದರೆ ಬಹಳ ದಿನ ನಡೆಯೋದಿಲ್ಲ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಟಿಕೆಟ್ ಹಣವನ್ನು ಸಾರಿಗೆ ಸಂಸ್ಥೆಗಳಿಗೆ ತುಂಬಿಕೊಡೋದು ಸರ್ಕಾರವೇ. ಅದೇ ಲೆಕ್ಕದ ಪುಸ್ತಕದಲ್ಲಿ ಐದೂವರೆಯ ಆ ಒಂದು ಟ್ರಿಪ್ಪಿನ ಡೀಸೆಲ್ಲಿಗೂ ಒಂದು ಸಾಲು ಬರೆಯಬಹುದು. ಮುಂದಿನ ಗ್ರಾಮಸಭೆಗೆ ಹೋಗುವವರು ಇದನ್ನು ಹೊತ್ತಿನ ಸಮೇತ ಬರೆದುಕೊಂಡು ಹೋಗಿ ಕೇಳಿ. ನಮಸ್ಕಾರ.