ಹುಣಸೆ ಬೀಜದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ತಾನೇ? ಇದನ್ನು ಕೇಳದೆ ಮಾತು ಶುರುಮಾಡಿದ್ದರೆ ಮೇಷ್ಟ್ರು ಬೈಯುತ್ತಿದ್ದರು.

ಅವರನ್ನು ನಾನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ನಲವತ್ತು ವರ್ಷದ ರೂಢಿ, ಬಾಯಿಗೆ ಬೇರೆ ಬರುವುದಿಲ್ಲ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ರೇಡಿಯೊದಿಂದ ಕರೆ ಬಂದರೆ ಒಂದು ದಿನ ರಜೆ ಹಾಕಿ ಹೋಗಿ ಕಾಮೆಂಟ್ರಿ ಹೇಳಿ ಬರುತ್ತಿದ್ದರು. ಕ್ರಿಕೆಟ್, ಕಬಡ್ಡಿ, ಖೊಖೊ, ದಸರಾ ಕುಸ್ತಿ, ಯಾವುದಾದರೂ ಸರಿ. ನಾನು ಪಕ್ಕದಲ್ಲಿ ಕೂತು ಸ್ಕೋರ್ ಬರೆಯುತ್ತಿದ್ದ ಕಾಲೇಜು ಹುಡುಗ. ಬರೆದದ್ದಕ್ಕಿಂತ ಅವರ ಬಾಯಿ ನೋಡಿದ್ದೇ ಜಾಸ್ತಿ.

ನಮ್ಮ ಮೈಸೂರಿಗೆ ರೇಡಿಯೊ ಅಂದರೆ ಹೊರಗಿನಿಂದ ಬಂದ ವಸ್ತುವಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ನಿಲಯ ತೆರೆದರು. ಆಕಾಶವಾಣಿ ಅನ್ನುವ ಹೆಸರು ಇಲ್ಲಿಂದಲೇ ಇಡೀ ದೇಶಕ್ಕೆ ಹೋಯಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೊರಟುಹೋಯಿತು. ಮತ್ತೆ ನಮಗೆ ನಿಲಯ ಬಂದದ್ದು 1974ರಲ್ಲಿ. ನಡುವಿನ ಹತ್ತೊಂಬತ್ತು ವರ್ಷ ನಾವು ಪಕ್ಕದ ಮನೆಯ ರೇಡಿಯೊ ಕೇಳಿದ ಹಾಗೆ ಇತ್ತು ಅಂತ ಮೇಷ್ಟ್ರು ಹೇಳುತ್ತಿದ್ದರು. ಅದೇ 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು. ನಮ್ಮ ಎನ್‌ಐಇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಪ್ರಸನ್ನ ಕ್ಯಾಪ್ಟನ್. ಊರ ಹುಡುಗರಿಗೆ ಕ್ರಿಕೆಟ್ ಹುಚ್ಚು ಹಿಡಿಯಲು ಇನ್ನೇನು ಬೇಕಿತ್ತು?

ಮೇಷ್ಟ್ರ ಎಡ ಜೇಬಿನಲ್ಲಿ ಆರು ಹುಣಸೆ ಬೀಜ ಇರುತ್ತಿದ್ದವು. ಒಂದೊಂದು ಎಸೆತಕ್ಕೂ ಒಂದೊಂದು ಬೀಜ ಬಲ ಜೇಬಿಗೆ ಹೋಗುತ್ತಿತ್ತು. ಆರೂ ಹೋದ ಕೂಡಲೇ ಸ್ಕೋರ್. ಆಟದಲ್ಲಿ ಏನೇ ಆಗಲಿ, ಕ್ಯಾಚೇ ಬಿಡಲಿ, ಜಗಳವೇ ಆಗಲಿ, ಮೊದಲು ಸ್ಕೋರ್. ಎಣಿಸಲು ನಾನು ಇದ್ದೇನಲ್ಲ ಸಾರ್ ಅಂದೆ ಒಂದು ಸಲ. "ನಿನ್ನ ಲೆಕ್ಕ ಪುಸ್ತಕಕ್ಕೆ ಕಣಪ್ಪ. ಇದು ಗದ್ದೆಯಿಂದ ಈಗ ತಾನೆ ಮನೆಗೆ ಬಂದು, ಕೈಕಾಲು ತೊಳೆದು ರೇಡಿಯೊ ತಿರುಗಿಸುತ್ತಾನಲ್ಲ, ಅವನಿಗೆ" ಅಂದರು. ಅವನಿಗೆ ಎಷ್ಟಾಯಿತು, ಯಾರು ಆಡುತ್ತಿದ್ದಾರೆ ಅನ್ನುವುದು ಮೊದಲು ಬೇಕು. ನಮ್ಮ ಸಂಭ್ರಮ ಆಮೇಲೆ.

'ಅದ್ಭುತ' ಅನ್ನುವ ಪದ ಅವರ ಬಾಯಲ್ಲಿ ನಾನು ಕೇಳಿಲ್ಲ. ಚೆಂಡು ಎಲ್ಲಿ ಹೋಯಿತು ಅಂತ ಹೇಳುತ್ತಿದ್ದರು. "ಚೆಂಡು ಎರಡಾಳು ಎತ್ತರ ಎದ್ದಿದೆ." "ಫೀಲ್ಡರ್ ಓಡುತ್ತಿದ್ದಾನೆ, ದೊಡ್ಡ ಗಡಿಯಾರದಿಂದ ಮಾರ್ಕೆಟ್ ಬಾಗಿಲಿನಷ್ಟು ದೂರ ಇದೆ, ಸಿಗಲ್ಲ." ಆ ಕಾಲದ ಪತ್ರಿಕೆಗಳಲ್ಲಿ ದಾಂಡಿಗ, ಗೂಟರಕ್ಷಕ, ಹುದ್ದರಿ ಅಂತೆಲ್ಲ ಬರುತ್ತಿತ್ತು. ದಾಂಡಿಗ ಅವರಿಗೂ ಇಷ್ಟ. ಹುದ್ದರಿ ಮಾತ್ರ ಒಗ್ಗಲಿಲ್ಲ. ಬೇಲಿ ಮೇಲೆ ಕೂತು ನೋಡುವವನು ವಿಕೆಟ್ ಬಿತ್ತು ಅಂತ ಕೂಗುವಾಗ ನಾನೊಬ್ಬನೇ 'ಹುದ್ದರಿ ಉರುಳಿತು' ಅಂದರೆ ನಗುವುದಿಲ್ವಾ ಅನ್ನುತ್ತಿದ್ದರು. ಕನ್ನಡದ ಮೇಲೆ ಪ್ರೀತಿ ಇಲ್ಲ ಅಂತ ಕೆಲವರು ಅವರನ್ನು ಆಡಿಕೊಂಡರು. ನನಗೆ ಹಾಗೆ ಅನ್ನಿಸಿಲ್ಲ. ಎರಡಾಳು ಎತ್ತರ ಅನ್ನುವುದಕ್ಕಿಂತ ಕನ್ನಡ ಇನ್ಯಾವುದು?

ಆದರೆ ಅವರ ನಿಜವಾದ ಮೈದಾನ ಕುಸ್ತಿ. ಕ್ರಿಕೆಟ್ಟಿನಲ್ಲಿ ಚೆಂಡು ಚೆಂಡಿನ ನಡುವೆ ಉಸಿರಾಡಬಹುದು. ಕುಸ್ತಿಯಲ್ಲಿ ಎರಡು ನಿಮಿಷ ಏನೂ ಆಗುವುದಿಲ್ಲ, ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದನ್ನು ಕಿವಿಗೆ ಹೇಗೆ ಹೇಳುವುದು? ಮೇಷ್ಟ್ರು ಹಿಂದಿನ ವಾರವೇ ಗರಡಿಗಳಿಗೆ ಹೋಗಿ ಕೂರುತ್ತಿದ್ದರು. ಯಾವ ಪೈಲ್ವಾನ್ ಯಾವ ಉಸ್ತಾದರ ಶಿಷ್ಯ, ಯಾವ ಪಟ್ಟು ಕೈಗೆ ಹತ್ತಿದೆ, ಎಲ್ಲ ಕೇಳಿಕೊಂಡು ಬರುತ್ತಿದ್ದರು. ಒಬ್ಬ ವಯಸ್ಸಾದ ಉಸ್ತಾದರು ಬಾಯಲ್ಲಿ ಹೇಳದೆ, ಇವರನ್ನೇ ಗರಡಿಯ ಮಣ್ಣಿಗೆ ಇಳಿಸಿ, ಹೆಗಲ ಮೇಲಿಂದ ಬಟ್ಟೆ ಒಗೆದ ಹಾಗೆ ಎತ್ತಿ ಹಾಕುವ ಧೋಬಿ ಪಟ್ಟು ಹಾಕಿ ತೋರಿಸಿದರಂತೆ. ಮೂರು ದಿನ ಸೊಂಟ ಹಿಡಿದುಕೊಂಡು ಓಡಾಡಿದರು. ಆ ವರ್ಷ ಆ ಪಟ್ಟನ್ನು ಅವರು ಹೇಳಿದ್ದು ಬೇರೆಯೇ ತರಹ ಇತ್ತು.

ಏನೂ ಆಗದ ಆ ಎರಡು ನಿಮಿಷದಲ್ಲಿ ಕಾಲಿನ ಬಗ್ಗೆ ಹೇಳುತ್ತಿದ್ದರು. ಜನ ಕೈ ನೋಡುತ್ತಾರೆ, ಕುಸ್ತಿ ಇರುವುದು ಕಾಲಲ್ಲಿ. "ಎಡಗಾಲು ಮಣ್ಣಲ್ಲಿ ಹೂತಿದೆ. ಹೆಬ್ಬೆರಳು ಅದುರುತ್ತಿದೆ. ಈಗ ಎತ್ತುತ್ತಾನೆ ನೋಡಿ." ಆಮೇಲೆ ಬಾಯಿ ಮುಚ್ಚಿಬಿಡುತ್ತಿದ್ದರು. ಕಾಮೆಂಟ್ರಿ ಹೇಳುವವರ ಮೈಕನ್ನು ತುಟಿಗೆ ಒತ್ತಿ ಹಿಡಿಯಬೇಕು, ಸುತ್ತಲ ಗದ್ದಲ ಒಳಗೆ ಬರದ ಹಾಗೆ. ಜನರ ಸದ್ದಿಗೆ ಬೇರೆ ಮೈಕು. ಮೇಷ್ಟ್ರು ತಮ್ಮ ಮೈಕು ಕೆಳಗಿಳಿಸಿ ಜನರ ಮೈಕಿಗೆ ಜಾಗ ಬಿಡುತ್ತಿದ್ದರು. ಹೋ ಅನ್ನುವ ಸದ್ದು. ಅದರ ಹಿಂದೆ ಡೋಲು. ಅದು ಇಳಿದ ಮೇಲೆ, ಬೆನ್ನು ಮಣ್ಣಿಗೆ ತಾಗಿತು ಅನ್ನಲು ಒಂದೇ ಮಾತು: "ಚಿತ್."

ಒಂದು ಸಲ ತಪ್ಪೂ ಮಾಡಿದರು. ಇಬ್ಬರದೂ ಕೆಂಪು ಲಂಗೋಟಿ, ಮೈತುಂಬಾ ಮಣ್ಣು. ಸೋತವನನ್ನು ಗೆದ್ದವನು ಅಂದುಬಿಟ್ಟರು. ಸಂಜೆ ಸೋತವನ ಮನೆಯಲ್ಲಿ ಪಾಯಸ ಆಗಿತ್ತಂತೆ. ಮೇಷ್ಟ್ರು ಮಾರನೆಯ ದಿನ ಸೈಕಲ್ ಹತ್ತಿ ಆ ಮನೆಗೆ ಹೋಗಿ ತಪ್ಪಾಯಿತು ತಾಯಿ ಅಂದು ಬಂದರು. ಉಳಿದ ಪಾಯಸ ಕುಡಿದೂ ಬಂದರು.

ಅವರನ್ನು ಮೈದಾನದಲ್ಲಿ ನಾನು ಕೊನೆಗೆ ನೋಡಿದ್ದು 2010ರ ಜನವರಿಯಲ್ಲಿ, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್‌ನಲ್ಲಿ. ಮುಂಬೈ ಎದುರು ರಣಜಿ ಫೈನಲ್. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ಮರದ ಕೆಳಗೆ ಕೂತಿದ್ದಿರಿ, ನನಗೆ ಗೊತ್ತು. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. ನಾವು 331ಕ್ಕೆ ಮುಗಿದೆವು. ಆರೇ ಆರು ರನ್ನಿನಿಂದ ಸೋತೆವು. ಮೇಷ್ಟ್ರಿಗೆ ಆಗ ರೇಡಿಯೊ ಕೆಲಸ ನಿಂತು ವರ್ಷಗಳಾಗಿದ್ದವು. ಜನರ ನಡುವೆ ಕೂತಿದ್ದರು. ಪಕ್ಕದಲ್ಲಿ ಕಣ್ಣಿನ ಪೊರೆ ಬಂದ ಹಿರಿಯರೊಬ್ಬರು. ಅವರಿಗೆ ಮೆಲ್ಲಗೆ ಹೇಳುತ್ತಾ ಇದ್ದರು, ಬೀಜ ಜೇಬಿನಿಂದ ಜೇಬಿಗೆ ಹೋಗುತ್ತಿತ್ತು. ಸುತ್ತ ನಾಲ್ಕು ಸಾಲು ಜನ ಆಟ ನೋಡುತ್ತಾ ಇವರನ್ನೇ ಕೇಳುತ್ತಿದ್ದರು. ಕೊನೆಯ ವಿಕೆಟ್ ಬಿದ್ದಾಗಲೂ ಮೊದಲು ಸ್ಕೋರ್ ಹೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನು ಇವತ್ತಿನ ಮುಖ್ಯ ವಿಷಯ. ಅವರ ದನಿ ಎಲ್ಲೂ ಉಳಿದಿಲ್ಲ ಅಂತಲೇ ನಾವು ಅಂದುಕೊಂಡಿದ್ದೆವು. ನೇರ ಪ್ರಸಾರ, ಗಾಳಿಗೆ ಹೋಯಿತು, ಮುಗಿಯಿತು. ಹೋದ ತಿಂಗಳು ನಮ್ಮ ಅತ್ತಿಗೆಯ ಅಟ್ಟದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಒಂದು ಕಡೆ ಹರಿಕಥೆ. ಇನ್ನೊಂದು ಕಡೆ ನಾಲ್ಕು ನಿಮಿಷ ಮೇಷ್ಟ್ರು. ಅಡುಗೆಮನೆಯಲ್ಲಿ ರೇಡಿಯೊ ಎದುರು ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದಾರೆ. ದಸರಾ ಕುಸ್ತಿ. ಕೊನೆಯಲ್ಲಿ ಇನ್ನೇನು ಬೆನ್ನು ಮಣ್ಣಿಗೆ ತಾಗಬೇಕು, ಅಷ್ಟರಲ್ಲಿ ಕುಕ್ಕರ್ ಶಿಳ್ಳೆ ಹೊಡೆಯುತ್ತದೆ. ಹಾಗಾಗಿ ಯಾರು ಗೆದ್ದರು ಅಂತ ದಯವಿಟ್ಟು ನನ್ನನ್ನು ಕೇಳಬೇಡಿ.

ಫ್ಯಾನು ಒಂದು ನಿಮಿಷ ಆರಿಸಿ. ಹಾಕಪ್ಪ.